ಮಸಿ ಬಳಿದುಕೊಂಡ ಕರಡಿಯಜ್ಜಿ

ಒಂದು ಕಾಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ಹಳೆಯ ನಾಟಕವೊಂದಿತ್ತು. ಅದರ ಹೆಸರು ‘ಕರಡಿಯಜ್ಜಿ’. ಹಿಂದೆ ಕಾಳ್ಗಿಚ್ಚು ಬಿದ್ದಾಗ ಮುದಿ ಕರಡಿಯೊಬ್ಬಳು ಕಾಡಿನ ಮರಿಗಳನ್ನೆಲ್ಲ ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಿದ್ದಳು. ಅದೇ ಕಥೆ. ಆದರೆ ಅಜ್ಜಿಯ ಪಾತ್ರ ಮಾಡುತ್ತಿದ್ದವನು ಒಬ್ಬ ನರಿ! ಮೈಗೆಲ್ಲ ಮಸಿ ಬಳಿದುಕೊಂಡು, ಜೊಲ್ಲು ಸುರಿಸುತ್ತ, ಮುಗ್ಗರಿಸುತ್ತ ಬರುತ್ತಿದ್ದ. ಪ್ರಾಣಿಗಳು ಬಿದ್ದು ಬಿದ್ದು ನಗುತ್ತಿದ್ದವು. ಕರಡಿಗಳು ಮಾತ್ರ ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದವು. ಪ್ರಾಣ ಉಳಿಸಿದವಳಿಗೆ ಸಿಕ್ಕ ಮರ್ಯಾದೆ ನೋಡಿ!

ಎಷ್ಟೋ ವರ್ಷಗಳ ಮೇಲೆ ಆ ನರಿಯ ಮಗ ಕೆಂಚ ಅದೇ ನಾಟಕವನ್ನು ಮತ್ತೆ ಆಡಿಸಲು ಹೊರಟ. “ಈ ಸಲ ಎಲ್ಲ ಹೊಸದು! ನಿಜವಾದ ಹೊಳೆಯಲ್ಲೇ ಆಟ!” ಎಂದು ಡಂಗುರ ಸಾರಿಸಿದ.

ತಿಮ್ಮಿ ಎಂಬ ಕರಡಿ ಓಡೋಡಿ ಬಂದಳು. ಅವಳು ಆ ಅಜ್ಜಿಯ ಸ್ವಂತ ಮೊಮ್ಮಗಳು.

“ಕೆಂಚಣ್ಣ, ಅಜ್ಜಿಯ ಪಾತ್ರ ನನಗೆ ಕೊಡು. ಮಾತೆಲ್ಲ ಬಾಯಿಪಾಠ ಆಗಿದೆ.”

“ಅಜ್ಜಿ ನಾನೇ. ಮಸಿ ಅರೆದಿಟ್ಟಾಗಿದೆ.”

“ಎಲ್ಲ ಹೊಸದು ಅಂದೆ. ಮಸಿ ಮಾತ್ರ ಹಳೇದಾ?”

“ನೋಡೋರು ಮೆಚ್ಚಿದ್ದು ಅದನ್ನೇ ಕಣೇ. ಕರಡಿಯೇ ಕರಡಿ ಪಾತ್ರ ಮಾಡಿದರೆ ಯಾರು ನಗ್ತಾರೆ? ಬೇಕಾದರೆ ಪರದೆ ಎಳಿ. ನಿನ್ನ ತೋಳಲ್ಲಿ ಬಲ ಇದೆ.”

ತಿಮ್ಮಿಗೆ ಮೈಯೆಲ್ಲ ಉರಿದುಹೋಯಿತು. “ನಮ್ಮಜ್ಜಿ ಜೊಲ್ಲು ಸುರಿಸಲಿಲ್ಲ ಕಣೋ. ಮರಿಗಳಿಗೋಸ್ಕರ ಕಾಲು ಸುಟ್ಟುಕೊಂಡಳು!” ಎಂದಳು. ಕೆಂಚ ಕಿಸಕ್ಕನೆ ನಕ್ಕ.

ಆಟದ ಸಂಜೆ ದಡದ ತುಂಬ ಪ್ರಾಣಿಗಳು ಸೇರಿದವು. ಕೆಂಚ ಎಣ್ಣೆಮಸಿ ಬಳಿದುಕೊಂಡು ಬಂದ. ತನ್ನ ಮರಿಗೂ ಬಳಿದು ಬೆನ್ನ ಮೇಲೆ ಕೂರಿಸಿಕೊಂಡಿದ್ದ. ಜೊಲ್ಲು ಸುರಿಸುತ್ತ, ಮುಗ್ಗರಿಸುತ್ತ ನೀರಿಗಿಳಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕರಡಿಯ ಮರಿಗಳು ತಾಯಿಯ ಬೆನ್ನಿನ ಉದ್ದ ಕೂದಲನ್ನು ಬಿಗಿಯಾಗಿ ಹಿಡಿದು ಕೂರುತ್ತವೆ. ಅಣಕಿಸುವುದಷ್ಟೇ ಗೊತ್ತಿದ್ದ ಕೆಂಚ ಇದನ್ನು ಎಂದೂ ಗಮನಿಸಿರಲಿಲ್ಲ. ಅವನ ಬೆನ್ನಿನ ಕೂದಲು ಮೋಟು, ಮೇಲೆ ಜಾರುವ ಎಣ್ಣೆ.

“ಅಪ್ಪಾ, ಹಿಡ್ಕೊಳ್ಳೋಕೆ ಏನೂ ಸಿಗ್ತಿಲ್ಲ!” ಎಂದು ಚೀರಿದ ಮರಿ ಹೊಳೆಗೆ ಬಿತ್ತು. ಅದೂ ನಾಟಕವೆಂದುಕೊಂಡು ಪ್ರಾಣಿಗಳು ಇನ್ನೂ ಜೋರಾಗಿ ನಕ್ಕವು. ತಿಮ್ಮಿ ನಗಲಿಲ್ಲ. ನೀರಿಗೆ ಹಾರಿದಳು. ಮುಳುಗುತ್ತಿದ್ದ ಮರಿ ಅವಳ ಕೂದಲು ಹಿಡಿದು ಬೆನ್ನೇರಿತು.

ಕೆಂಚ ದಡ ಸೇರಿ ಕೈಮುಗಿದ. “ತಿಮ್ಮವ್ವ, ನಾಳೆಯಿಂದ ಅಜ್ಜಿಯ ಪಾತ್ರ ನಿನಗೇ ಕೊಟ್ಟೆ.”

“ಕೊಡೋದಕ್ಕೆ ಅದು ನಿನ್ನದಾಗಿದ್ದು ಯಾವಾಗ?” ಎಂದು ತಿಮ್ಮಿ ಗುಡುಗಿದಳು. “ಅದು ನಮ್ಮಜ್ಜಿ ಬದುಕಿದ ಬದುಕು. ನಿಮ್ಮಪ್ಪ ಕದ್ದ, ನೀನೂ ಕದ್ದೆ. ಇನ್ನು ಮೇಲೆ ನಮ್ಮನ್ನು ಕೇಳಿ ಆಡು!”

ಕೆಂಚ ಮರಿಯನ್ನು ಎತ್ತಿಕೊಳ್ಳಲು ಕೈಚಾಚಿದ. ಮಸಿ ಸೋರುತ್ತಿದ್ದ ಅವನ ಮುಖ ನೋಡಿ ಮರಿ ಹೆದರಿತು. ತಿಮ್ಮಿಯ ಕೂದಲನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿತು. ಈ ಸಲ ದಡದ ಮೇಲೆ ಯಾರೂ ನಗಲಿಲ್ಲ.

ನೀತಿ: ಒಬ್ಬರ ಕಥೆ ಆಡುವಾಗ ಅವರನ್ನೇ ಹೊರಗಿಟ್ಟು, ಅವರ ವೇಷ ಹಾಕಿ ನಗಿಸುವುದು ಅನ್ಯಾಯ. ಹಿಂದಿನವರೂ ಹಾಗೇ ಮಾಡಿದ್ದರು ಎಂದರೆ ಅದು ಸರಿಯಾಗುವುದಿಲ್ಲ.