ಎದುರು ಬಾಗಿಲಿನ ಉಪ್ಪು

ತುಂಬಾ ಹಿಂದೆ, ಎಷ್ಟು ಹಿಂದೆ ಎಂದು ಕೇಳಿದರೆ ಇಬ್ಬರು ಒಂದೇ ಉತ್ತರ ಕೊಡುವುದಿಲ್ಲ, ಜರ್ಮನಿಯ ಒಂದು ಊರಿನಲ್ಲಿ ತಿಪ್ಪೇಸ್ವಾಮಿ ಎಂಬುವನು ಇದ್ದನಂತೆ. ನಮ್ಮ ಕಡೆಯವನೇ. ಚಳ್ಳಕೆರೆಯಿಂದಲೂ ಆಚೆ, ಕಲ್ಲು ಮತ್ತು ಜಾಲಿಯ ಸೀಮೆಯಲ್ಲಿ ಹುಟ್ಟಿದವನು. ಆ ಜರ್ಮನಿಯ ಊರು ಇದೇ ಊರು. ಅವನು ದಾಟುತ್ತಿದ್ದ ನದಿ ಇಲ್ಲಿಯೇ ಹರಿಯುತ್ತಿದೆ, ಅವನು ಓದಿದ ಕೆಂಪು ಇಟ್ಟಿಗೆಯ ವಿಶ್ವವಿದ್ಯಾಲಯವೂ ಇದೆ. ಅವನನ್ನು ಕಣ್ಣಾರೆ ಕಂಡವರು ಮಾತ್ರ ಈಗ ಯಾರೂ ಉಳಿದಿಲ್ಲ. ಹೊಸದಾಗಿ ಬಂದ ನಮ್ಮ ಮಕ್ಕಳಿಗೆ ಈ ಅಡುಗೆಮನೆಯಲ್ಲಿ ಮೊದಲು ಬಡಿಸುವುದು ಅವನ ಕಥೆಯನ್ನೇ. ಅನ್ನ ಆಮೇಲೆ.

ತಿಪ್ಪೇಸ್ವಾಮಿ ಬಂದದ್ದು ಡಾಕ್ಟರ್ ಪದವಿಗೆ. ಮದ್ದು ಕೊಡುವ ಡಾಕ್ಟರ್ ಅಲ್ಲ, ಓದಿನ ಡಾಕ್ಟರ್. ಅದಕ್ಕೆ ಇಲ್ಲಿ ಎರಡು ಕೆಲಸ ಮಾಡಬೇಕು. ಮೊದಲು ವರ್ಷಗಟ್ಟಲೆ ಒಂದೇ ವಿಷಯ ಹುಡುಕಿ, ಒಂದು ಪ್ರಬಂಧ ಬರೆದು, ಪುಸ್ತಕದ ಹಾಗೆ ಹೊಲಿಸಿ ಒಪ್ಪಿಸಬೇಕು. ಆಮೇಲೆ ಒಂದು ದಿನ ಪರೀಕ್ಷಕರ ಮುಂದೆ ನಿಂತು, ಬರೆದದ್ದನ್ನು ಕಾಪಾಡಿಕೊಳ್ಳಬೇಕು. ಕಾಪಾಡುವುದು ಎಂದರೆ ಕೋಟೆ ಕಾಯುವ ಹಾಗೆ. ಅವರು ಪ್ರಶ್ನೆ ಎಸೆಯುತ್ತಾರೆ, ಇವನು ಉತ್ತರದಿಂದ ತಡೆಯಬೇಕು. ಏಳು ಸುತ್ತಿನ ಕೋಟೆಯ ಸೀಮೆಯವನಿಗೆ ಅದಕ್ಕೇನೂ ಹೆದರಿಕೆ ಇರಲಿಲ್ಲವಂತೆ.

ಅವನು ಹಿಡಿದ ವಿಷಯ ಹುತ್ತ. ಗೆದ್ದಲು ಕಟ್ಟುವ ಹುತ್ತ ಒಳಗೊಳಗೇ ಹೇಗೆ ಉಸಿರಾಡುತ್ತದೆ, ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಹೇಗೆ ತಂಪಾಗಿರುತ್ತದೆ ಎನ್ನುವುದು. ಹುತ್ತಕ್ಕೆ ಕಿವಿಯಿಟ್ಟರೆ ಸಾಕು, ಗಾಳಿ ಮೇಲಕ್ಕೆ ಹೋಗುತ್ತಿದೆಯೋ ಕೆಳಕ್ಕೆ ಬರುತ್ತಿದೆಯೋ ಹೇಳುತ್ತಿದ್ದನಂತೆ. ಮಣ್ಣನ್ನು ನಾಲಗೆಗೆ ತಾಗಿಸಿ, ಹುತ್ತದ ಯಾವ ಗೋಡೆಯದ್ದು ಎಂದು ಗುರುತಿಸುತ್ತಿದ್ದನಂತೆ. ವಿಭಾಗದಲ್ಲಿ ಗೆದ್ದಲು ಸಾಕುವ ಒಂದು ಕೋಣೆಯಿತ್ತು. ಗೆದ್ದಲಿಗೆ ಚಳಿ ಆಗದು, ಆದ್ದರಿಂದ ಆ ಕೋಣೆಯನ್ನು ಸದಾ ಬೆಚ್ಚಗೆ ಇಡುತ್ತಿದ್ದರು. ಹೊರಗೆ ಹಿಮ ಬೀಳುವಾಗ ತಿಪ್ಪೇಸ್ವಾಮಿಯನ್ನು ಹುಡುಕಬೇಕಾದರೆ ಅಲ್ಲಿಗೇ ಹೋಗಬೇಕಿತ್ತು. ಕೆಲಸವಿಲ್ಲದಿದ್ದರೂ ಆ ಗಾಜಿನ ಪೆಟ್ಟಿಗೆಗಳ ನಡುವೆ ಸುಮ್ಮನೆ ಕೂತಿರುತ್ತಿದ್ದನಂತೆ. ಚಳ್ಳಕೆರೆಯಷ್ಟು ಬೆಚ್ಚಗೆ ಇಡೀ ಊರಿನಲ್ಲಿ ಇದ್ದದ್ದು ಅದೊಂದೇ ಜಾಗ.

ಇನ್ನು ಅವನ ತಪ್ಪಿನ ವಿಷಯ. ತಪ್ಪು ಎಂದರೆ ದೊಡ್ಡದೇನಲ್ಲ, ಪುಸ್ತಕವನ್ನು ಹಿಂದಿನಿಂದ ತೆರೆದದ್ದು.

ಬಂದ ಮೊದಲ ದಿನ, ಇವನು ನೋಡಲಿ ಎಂದು ಗುರುಗಳು ಒಂದು ಹಳೆಯ ಪ್ರಬಂಧವನ್ನು ಅವನ ಕೈಗೆ ಕೊಟ್ಟರು. ಅವರ ಹೆಸರು ಪ್ರೊಫೆಸರ್ ಬ್ರುನ್ಸ್. ಇಲ್ಲಿ ಅಂಥ ಗುರುವನ್ನು ‘ಡಾಕ್ಟರ್ ಅಪ್ಪ’ ಎಂದು ಕರೆಯುವ ರೂಢಿಯಿದೆ. ತಿಪ್ಪೇಸ್ವಾಮಿ ಆ ಪುಸ್ತಕದ ಕೊನೆಯ ಹಾಳೆಯನ್ನು ಮೊದಲು ತೆರೆದ. ಅಲ್ಲಿ ಒಂದು ಪ್ರಮಾಣವಿತ್ತು. ‘ಈ ಕೆಲಸವನ್ನು ನಾನೊಬ್ಬನೇ, ಬೇರೆಯವರ ನೆರವಿಲ್ಲದೆ ಮಾಡಿದ್ದೇನೆ ಎಂದು ಆಣೆಯಿಟ್ಟು ಹೇಳುತ್ತೇನೆ’ ಎಂದು ಬರೆದು ಕೆಳಗೆ ಸಹಿ ಹಾಕಿತ್ತು. ಇದರ ಅರ್ಥ ಸರಳ. ಕದ್ದು ಬರೆದಿಲ್ಲ, ಬೇರೆಯವರಿಂದ ಬರೆಸಿಲ್ಲ, ಅಷ್ಟೇ. ಇಲ್ಲಿಯ ಮಕ್ಕಳು ಅದಕ್ಕೆ ಸಹಿ ಹಾಕಿ ಮರೆತೂ ಬಿಡುತ್ತಾರೆ.

ಆದರೆ ತಿಪ್ಪೇಸ್ವಾಮಿಯ ಊರಿನಲ್ಲಿ ಆಣೆ ಎಂದರೆ ಬೇರೆ. ಅಲ್ಲಿ ಜಗಳ ತೀರದಿದ್ದರೆ ಹುತ್ತದ ಹತ್ತಿರ ಹೋಗಿ, ಅದರ ಬಾಯಿಗೆ ಕೈಯಿಟ್ಟು ಪ್ರಮಾಣ ಮಾಡಬೇಕಿತ್ತು. ಒಳಗೆ ಹಾವಿರಬಹುದು. ನಿಜ ಹೇಳಿದವನಿಗೆ ಅದು ಏನೂ ಮಾಡದು ಎಂಬ ನಂಬಿಕೆ. ಅವನ ಅವ್ವ ಚಿಕ್ಕಂದಿನಲ್ಲೇ ಹೇಳಿದ್ದಳಂತೆ, ಹುತ್ತ ಮುಟ್ಟಿದ ಕೈಯಲ್ಲಿ ಸುಳ್ಳಿರಬಾರದು ಎಂದು. ಈಗ ಅವನು ಬರೆಯಲು ಹೊರಟದ್ದೇ ಹುತ್ತದ ಬಗ್ಗೆ. ಕೊನೆಯಲ್ಲಿ ಸಹಿ ಹಾಕುವುದು ಎಂದರೆ ಹುತ್ತಕ್ಕೆ ಕೈಯಿಟ್ಟ ಹಾಗೆಯೇ ಅಲ್ಲವೇ? ಹಾಗಾಗಿ ಅವತ್ತೇ ತೀರ್ಮಾನಿಸಿದನಂತೆ, ಈ ದೇಶದಲ್ಲಿ ಇರುವಷ್ಟು ದಿನ ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂದು. ಗುರುವಿನಿಂದ ಕಲಿಯುವುದು ವಿದ್ಯೆ, ಅದು ನೆರವಲ್ಲ. ಅದೊಂದನ್ನು ಬಿಟ್ಟು.

ಸೈಕಲ್ ಚೈನು ಕಳಚಿದರೆ ತಳ್ಳಿಕೊಂಡೇ ಹೋಗುತ್ತಿದ್ದನಂತೆ. ಜೊತೆಯವರು ಕಾಫಿ ತಂದುಕೊಟ್ಟರೆ ಕೈಮುಗಿದು, ಅದು ಆರುವವರೆಗೂ ಹಾಗೇ ಬಿಡುತ್ತಿದ್ದನಂತೆ. ನಿನ್ನ ಜರ್ಮನ್ ತಿದ್ದಿಕೊಡುತ್ತೇವೆ ಎಂದರೂ ಬೇಡವೆಂದ. ರೈಲು ನಿಲ್ದಾಣದ ಧ್ವನಿವರ್ಧಕ ಕೇಳಿಕೊಂಡು ತಾನೇ ಕಲಿತ. ಅದಕ್ಕೇ ಅವನು ಕೋಣೆಯಿಂದ ಹೊರಡುವಾಗ, ಬಾಗಿಲುಗಳು ಮುಚ್ಚುತ್ತಿವೆ, ದಯವಿಟ್ಟು ಹಿಂದೆ ಸರಿಯಿರಿ, ಎನ್ನುತ್ತಿದ್ದನಂತೆ. ಜನ ನಗುತ್ತಿದ್ದರು. ಆಮೇಲಾಮೇಲೆ ಸರಿದೇ ನಿಂತರು.

ಅವರದ್ದೂ ತಪ್ಪಲ್ಲ. ನಮ್ಮಲ್ಲಿ ಬೇಡ ಎಂದವನ ಎಲೆಗೆ ಇನ್ನೊಂದು ಸಲ ಬಡಿಸುತ್ತಾರೆ, ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಾದರೂ ಬಡಿಸುತ್ತಾರೆ. ಇಲ್ಲಿ ಬೇಡ ಎಂದರೆ ಬೇಡ. ಒಂದು ಸಲ ಹೇಳಿದರೆ ಪಾತ್ರೆ ಮುಚ್ಚಿಬಿಡುತ್ತಾರೆ. ಹೀಗೆ ಒಂದೊಂದೇ ಪಾತ್ರೆ ಮುಚ್ಚಿತು. ಚಳಿಗಾಲದ ಮೇಲೆ ಚಳಿಗಾಲ ಹೋಯಿತು. ಭಾನುವಾರಗಳಂದು ಅಂಗಡಿ ಮುಚ್ಚಿರುವಾಗ ತಿಪ್ಪೇಸ್ವಾಮಿ ನದಿಯ ದಂಡೆಯಲ್ಲಿ ಸೇತುವೆಯಿಂದ ಸೇತುವೆಗೆ ನಡೆಯುತ್ತಿದ್ದ. ಬಾತುಕೋಳಿಗಳಿಗೆ ಕನ್ನಡದಲ್ಲಿ ಏನೋ ಹೇಳುತ್ತಿದ್ದನಂತೆ, ಏನೆಂದು ಯಾರಿಗೂ ಗೊತ್ತಿಲ್ಲ.

ಮುಚ್ಚದ ಬಾಗಿಲು ಒಂದಿತ್ತು. ಅವನ ಕೋಣೆಯ ಎದುರಿಗೆ, ಅದೇ ಮೆಟ್ಟಿಲಿನ ಆ ಕಡೆ, ಒಬ್ಬಳು ಅಜ್ಜಿ ಇದ್ದಳು. ಬಾಗಿಲ ಮೇಲೆ ಹಾರ್ಟ್‌ವಿಗ್ ಎಂಬ ಮನೆತನದ ಹೆಸರು ಮಾತ್ರ ಇತ್ತು. ಅವಳು ಬೇಡ ಎಂದರೂ ಕೇಳುತ್ತಿದ್ದಳು. ಉಣ್ಣೆಯ ಶಾಲು ಬೇಕೇ ಎಂದಳು, ಬೇಡವೆಂದ. ಸೇಬಿನ ಕೇಕು ತಂದಳು, ಬೇಡವೆಂದ. ಅವಳು ಮಾತ್ರ ಮುಂದಿನ ವಾರ ಇನ್ನೊಂದನ್ನು ಹಿಡಿದು ಬರುತ್ತಿದ್ದಳು.

ಒಂದು ಚಳಿಗಾಲ ತಿಪ್ಪೇಸ್ವಾಮಿಗೆ ಭಾರಿ ಜ್ವರ ಬಂತು. ಕೆಮ್ಮು ಕೇಳಿಸುತ್ತಿರುವವರೆಗೆ ಅಜ್ಜಿ ಸುಮ್ಮನಿದ್ದಳಂತೆ. ಕೆಮ್ಮು ನಿಂತಾಗ ಹೆದರಿದಳು. ಮನೆ ನೋಡಿಕೊಳ್ಳುವವನಿಂದ ಕೀಲಿ ತಂದು ಬಾಗಿಲು ತೆರೆದಳು. ಆಲೂಗಡ್ಡೆಯ ಸೂಪು ಮಾಡಿ, ಮರದ ಚಮಚದಲ್ಲಿ, ತಲೆ ಎತ್ತಿ ಹಿಡಿದು ಕುಡಿಸಿದಳು. ಅವನು ಜ್ವರದಲ್ಲಿ ಅವ್ವಾ ಎಂದನಂತೆ. ಅವಳಿಗೆ ಆ ಮಾತು ತಿಳಿಯಲಿಲ್ಲ, ಆದರೂ ಹ್ಞೂಂ ಎಂದಳಂತೆ.

ಜ್ವರ ಬಿಟ್ಟು ಕಣ್ಣು ತೆರೆದಾಗ ಕುರ್ಚಿಯ ಮೇಲೆ ನೀಲಿ ಅಂಚಿನ ಬಟ್ಟಲು ಇತ್ತು. ಅಜ್ಜಿಯದು, ತಳದಲ್ಲಿ ಸೂಪು ಅಂಟಿತ್ತು. ಉಪ್ಪಿನ ಋಣ ಎಂದರೆ ಏನೆಂದು ನಿಮಗೆ ಗೊತ್ತಲ್ಲ. ಒಬ್ಬರ ಮನೆಯ ಉಪ್ಪು ತಿಂದ ಮೇಲೆ ತಿಂದಿಲ್ಲ ಎನ್ನುವ ಹಾಗಿಲ್ಲ. ಅವನು ಬಟ್ಟಲು ತೊಳೆದ. ಆದರೆ ಹಿಂತಿರುಗಿಸಲು ಆಗಲಿಲ್ಲ. ಯಾಕೆಂದರೆ ನಮ್ಮಲ್ಲಿ ಪಾತ್ರೆಯನ್ನು ಖಾಲಿ ಕೊಡುವುದಿಲ್ಲ, ಏನಾದರೂ ಹಾಕಿಯೇ ಕೊಡಬೇಕು. ಹಾಕಿ ಕೊಟ್ಟರೆ ಋಣವನ್ನು ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡರೆ ಸಹಿ ಹಾಕುವುದು ಹೇಗೆ? ಬಟ್ಟಲು ಕಪಾಟಿನ ಮೇಲೆ ಕೂತಿತು. ಅಂದಿನಿಂದ ಅಜ್ಜಿ ಎದುರಾಗದಿರಲೆಂದು ಅವನು ಬೂಟು ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದನಂತೆ. ತನ್ನನ್ನು ಕೇಳುವ ಒಂದೇ ಒಂದು ಜೀವದಿಂದಲೂ ಅಡಗಿಕೊಂಡ.

ಹೀಗೇ ಇನ್ನೂ ಕೆಲವು ವರ್ಷ ಕಳೆದು ಕೊನೆಗೂ ಪ್ರಬಂಧ ಮುಗಿಯಿತು. ಒಪ್ಪಿಸುವ ಗಡುವು ಬಂತು. ಗಡುವು ತಪ್ಪಿದರೆ ಪದವಿಯಿಲ್ಲ. ವಿದ್ಯಾರ್ಥಿವೇತನ ಮುಗಿದಿತ್ತು, ಈ ದೇಶದಲ್ಲಿ ಇರಲು ಕೊಟ್ಟ ಅನುಮತಿಯೂ ಮುಗಿಯುತ್ತಿತ್ತು. ಬರಿಗೈಯಲ್ಲಿ ಊರಿಗೆ ಹೋಗಬೇಕಿತ್ತು. ಎಲ್ಲವೂ ಆ ಒಂದು ಸಹಿಗಾಗಿ ಕಾದಿತ್ತು. ತಿಪ್ಪೇಸ್ವಾಮಿ ಪೆನ್ನು ಎತ್ತಿದ, ಇಳಿಸಿದ. ಎತ್ತಿದ, ಇಳಿಸಿದ. ಆಮೇಲೆ ಪ್ರಬಂಧವನ್ನು ಕಂಕುಳಲ್ಲಿ ಇಟ್ಟುಕೊಂಡು ಗುರುಗಳ ಕೋಣೆಗೆ ಹೋಗಿ, ತಾನು ಸಹಿ ಹಾಕಲಾರೆ ಎಂದು ಸೂಪಿನ ಸಂಗತಿಯನ್ನೆಲ್ಲ ಹೇಳಿದ.

ಗುರುಗಳು ನಗಲಿಲ್ಲ. “ಹೆರ್ ಸ್ವಾಮಿ, ಈ ಪ್ರಮಾಣ ಕೇಳುವುದು ಪ್ರಬಂಧ ಬರೆದವರು ಯಾರು ಎಂದು. ಸೂಪು ಕುಡಿಸಿದವರು ಯಾರು ಎಂದು ಕೇಳುವುದಿಲ್ಲ” ಎಂದರಂತೆ. ಹೆರ್ ಎಂದರೆ ಶ್ರೀ ಇದ್ದ ಹಾಗೆ. ಅವನ ಪೂರ್ತಿ ಹೆಸರು ಅವರ ಬಾಯಿಗೆ ಹಿಡಿಸುತ್ತಿರಲಿಲ್ಲ.

“ಆ ಸೂಪು ಇಲ್ಲದಿದ್ದರೆ ಬರೆದ ಕೈ ಅವತ್ತೇ ಹೋಗುತ್ತಿತ್ತು, ಸರ್.”

ಗುರುಗಳು ಪ್ರಬಂಧದ ಮೊದಲ ಹಾಳೆಗಳನ್ನು ತಿರುವಿ, ಕೃತಜ್ಞತೆಯ ಪುಟ ಎಲ್ಲಿ ಎಂದು ಕೇಳಿದರು. ಹಾಗೆಂದರೆ ಏನು ಎಂದ ತಿಪ್ಪೇಸ್ವಾಮಿ. ಆಗ ಗುರುಗಳು ಕಪಾಟಿನಿಂದ ತಮ್ಮದೇ ಹಳೆಯ ಪ್ರಬಂಧವನ್ನು ತೆಗೆದು ಮುಂದಿನಿಂದ ತೆರೆದರು. ಅಲ್ಲಿ ಹೆಸರುಗಳೇ ಹೆಸರುಗಳು. ಹೆಂಡತಿ, ಅಕ್ಕ, ಜೊತೆಯವರು, ಗೆದ್ದಲಿಗೆ ಕಟ್ಟಿಗೆ ತಂದವನು, ಸೈಕಲ್ ರಿಪೇರಿ ಮಾಡಿದವನು. ಆಮೇಲೆ ಅದೇ ಪುಸ್ತಕವನ್ನು ಹಿಂದಿನಿಂದ ತೆರೆದರು. ಅಲ್ಲಿ ಅದೇ ಪ್ರಮಾಣ, ಅವರದೇ ಸಹಿ.

“ಎರಡೂ ನಿಜ,” ಎಂದರಂತೆ. “ನೀವು ಹಿಂದಿನದ್ದನ್ನು ಮಾತ್ರ ಓದಿದ್ದೀರಿ.”

ತಿಪ್ಪೇಸ್ವಾಮಿ ಮುಂದಿನ ಪುಟದ ಹೆಸರುಗಳನ್ನು ಒಂದೊಂದಾಗಿ ಎಣಿಸಿದನಂತೆ. ತನ್ನ ಪುಟದಲ್ಲಿ ಬರೆಯಲು ಅವನಿಗೆ ಇದ್ದದ್ದು ಒಂದೇ ಹೆಸರು. ಆ ಹೆಸರೂ ಅವನಿಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಬಟ್ಟಲು ಇಳಿಸಿದ. ಖಾಲಿ ಕೊಡುವಂತಿಲ್ಲ, ಹಾಕಲು ಏನೂ ಇರಲಿಲ್ಲ. ಉಪ್ಪಿನ ಋಣಕ್ಕೆ ಉಪ್ಪೇ ಸರಿ ಎಂದು ಬಟ್ಟಲಿನ ತುಂಬ ಉಪ್ಪು ಸುರಿದ. ಬೂಟು ಹಾಕಿಕೊಂಡೇ, ಸದ್ದು ಮಾಡಿಕೊಂಡೇ ಎದುರು ಬಾಗಿಲಿಗೆ ಹೋಗಿ ತಟ್ಟಿದ. ಅಷ್ಟು ವರ್ಷದಲ್ಲಿ ಅವನು ತಟ್ಟಿದ ಮೊದಲ ಬಾಗಿಲು ಅದು ಅಂತ ಹೇಳುತ್ತಾರೆ.

ಅಜ್ಜಿ ಬಟ್ಟಲು ನೋಡಿದಳು, ಅವನ ಮುಖ ನೋಡಿದಳು. “ಇಷ್ಟು ವರ್ಷ ಬೇಕಾಯಿತೇ, ಹೆರ್ ಸ್ವಾಮಿ, ಒಂದು ಬಟ್ಟಲು ತೊಳೆಯಲು?”

ತಿಪ್ಪೇಸ್ವಾಮಿ ತಲೆ ತಗ್ಗಿಸಿ, ಪುಸ್ತಕದಲ್ಲಿ ಹಾಕಬೇಕು ಎಂದು ಹೆಸರು ಕೇಳಿದ. ಇರ್ಮಾ ಎಂದಳು. ಅಚ್ಚು ಹಾಕಿಸುವುದಾದರೆ ಸರಿಯಾಗಿ ಹಾಕಿಸಿ, ಕರೆಂಟು ಬಿಲ್ಲಿನವರು ಯಾವಾಗಲೂ ತಪ್ಪು ಬರೆಯುತ್ತಾರೆ ಎಂದಳು. ಆಮೇಲೆ ಈ ಉಪ್ಪು ಯಾಕೆ ಎಂದು ಕೇಳಿದಳು. ಅವನು ರೈಲು ನಿಲ್ದಾಣದ ಜರ್ಮನ್ನಿನಲ್ಲಿ ಉಪ್ಪಿನ ಋಣ ಎಂದರೇನು, ಆಣೆ ಎಂದರೇನು, ತಾನು ಬೂಟು ಕೈಯಲ್ಲಿ ಹಿಡಿದದ್ದು ಯಾಕೆ ಎಂದು ಒಂದೂ ಬಿಡದೆ ಹೇಳಿದ.

ಇರ್ಮಾ ಅಜ್ಜಿ ಬಾಗಿಲಿಗೆ ಒರಗಿ ಕೇಳಿಸಿಕೊಂಡಳು. “ಅವತ್ತು ಗಾಬರಿಯಲ್ಲಿ ಸೂಪಿಗೆ ಉಪ್ಪನ್ನೇ ಹಾಕಿರಲಿಲ್ಲ,” ಎಂದಳು. “ಮನೆಗೆ ಬಂದು ಉಳಿದದ್ದನ್ನು ಕುಡಿದಾಗ ಗೊತ್ತಾಯಿತು. ಪಾಪ, ಸಪ್ಪೆಯಾಗೇ ಕುಡಿದಿದ್ದೀರಿ.”

ಅಂದರೆ ಅವನು ಯಾರ ಉಪ್ಪನ್ನೂ ತಿಂದಿರಲಿಲ್ಲ. ಅವನ ಊರಿನ ಲೆಕ್ಕದಲ್ಲಿ ಋಣ ಇರಲೇ ಇಲ್ಲ. ಹುತ್ತಕ್ಕೆ ಧೈರ್ಯವಾಗಿ ಕೈಯಿಡಬಹುದಿತ್ತು. ಇಷ್ಟು ವರ್ಷ ಕಾಪಾಡಿಕೊಂಡ ವ್ರತ ಮುರಿದೇ ಇರಲಿಲ್ಲ. ಕಥೆ ಕೇಳಿದವರು ಇಲ್ಲಿ ತಿಪ್ಪೇಸ್ವಾಮಿ ಸಂತೋಷಪಟ್ಟಿರಬೇಕು ಎಂದುಕೊಳ್ಳುತ್ತಾರೆ. ಇಲ್ಲ. ಅವನು ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತನಂತೆ. ಈ ದೇಶದಲ್ಲಿ ತನಗೆ ಒಂದು ಋಣವೂ ಇಲ್ಲ ಎನ್ನುವುದು ಅವನಿಗೆ ಆಗ ಗೊತ್ತಾಯಿತು. ಹಾಗೆ ಗೊತ್ತಾದಾಗ ಎಷ್ಟು ಚಳಿಯಾಗುತ್ತದೆ ಎನ್ನುವುದೂ.

ಆಮೇಲೆ ಎದ್ದು ಬಟ್ಟಲಿನ ಉಪ್ಪನ್ನು ತನ್ನ ಮನೆಗೆ ಒಯ್ದು ಡಬ್ಬಿಗೆ ಸುರಿದು, ಖಾಲಿ ಬಟ್ಟಲನ್ನು ಹಿಡಿದು ಮತ್ತೆ ಬಂದ.

“ಇರ್ಮಾ ಅಜ್ಜಿ, ಸ್ವಲ್ಪ ಉಪ್ಪು ಕೊಡಿ.”

ಅವಳು ಒಳಗೆ ಹೋಗಿ ಒಂದು ಚಿಟಿಕೆ ತಂದು ಹಾಕಿದಳು. ಅವನು ಅಲ್ಲೇ ನಿಂತು ನಾಲಗೆಗೆ ಹಚ್ಚಿಕೊಂಡ. ಆಮೇಲೆ ಮೊದಲು ಕೃತಜ್ಞತೆಯ ಪುಟ ಬರೆದು, ಕೊನೆಗೆ ಸಹಿ ಹಾಕಿದ. ಗಡುವಿನೊಳಗೆ ಪ್ರಬಂಧ ಒಪ್ಪಿಸಿದ.

ಕಾಪಾಡಿಕೊಳ್ಳುವ ದಿನ ಸಭೆ ಕೂಡಿತು. ಯಾರು ಬೇಕಾದರೂ ಬಂದು ಕೂರಬಹುದು. ಆದರೆ ಪರೀಕ್ಷಕರು ಮತ್ತು ವಿಭಾಗದ ಕೆಲವರನ್ನು ಬಿಟ್ಟರೆ ಬಂದವಳು ಇರ್ಮಾ ಅಜ್ಜಿ ಒಬ್ಬಳೇ. ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತು, ಸ್ವಲ್ಪ ತೂಕಡಿಸಿದಳಂತೆ. ತಿಪ್ಪೇಸ್ವಾಮಿ ಒಂದು ಪ್ರಶ್ನೆಯನ್ನೂ ಒಳಗೆ ಬಿಡಲಿಲ್ಲ. ಎಲ್ಲ ಮುಗಿಯಿತು ಎನ್ನುವಾಗ ಒಬ್ಬ ಪರೀಕ್ಷಕರು ಸುಮ್ಮನೆ, ಮುಗಿಸುವ ಮಾತಿಗೆಂದು, ಸುಲಭದ್ದೊಂದು ಕೇಳಿದರು. ಒಂದು ಗೆದ್ದಲನ್ನು ಗೂಡಿನಿಂದ ತೆಗೆದು, ಬೇಕಾದಷ್ಟು ತಿನ್ನಲು ಕೊಟ್ಟು, ಬೆಚ್ಚಗೆ ಒಂದೇ ಇಟ್ಟರೆ ಏನಾಗುತ್ತದೆ?

ಉತ್ತರ ಅವನೇ ಬರೆದಿದ್ದ. ಆದರೂ ತಿಪ್ಪೇಸ್ವಾಮಿ ಸುಮ್ಮನೆ ನಿಂತ. ಗೋಪುರದ ಗಂಟೆ ಬಾರಿಸಿ ನಿಂತರೂ ಮಾತಾಡಲಿಲ್ಲ ಎಂದು ಕೆಲವರು ಹೇಳುತ್ತಾರೆ. ನದಿಯೇ ನಿಂತಿತ್ತು ಎನ್ನುವವರೂ ಇದ್ದಾರೆ.

“ಹೆಚ್ಚು ದಿನ ಬದುಕುವುದಿಲ್ಲ,” ಎಂದ ಕೊನೆಗೆ. “ಅವು ಒಂದರ ಬಾಯಿಂದ ಇನ್ನೊಂದು ತಿನ್ನುತ್ತವೆ.”

ಪದವಿ ಸಿಕ್ಕಿತು. ಇಲ್ಲಿ ಇನ್ನೊಂದು ರೂಢಿಯಿದೆ. ಗೆದ್ದವನಿಗೆ ಜೊತೆಯವರು ರಟ್ಟಿನಲ್ಲಿ ಒಂದು ಕಪ್ಪು ಟೊಪ್ಪಿ ಮಾಡಿ ತೊಡಿಸುತ್ತಾರೆ. ಅವನ ಬದುಕಿನ ಸಣ್ಣಪುಟ್ಟ ಗುರುತುಗಳನ್ನು ಅದಕ್ಕೆ ತೂಗುಹಾಕುತ್ತಾರೆ. ಕೊಳಲೂದುವವನಿಗೆ ಕೊಳಲು, ಬೆಕ್ಕು ಸಾಕಿದವಳಿಗೆ ಬೆಕ್ಕಿನ ಗೊಂಬೆ. ತಿಪ್ಪೇಸ್ವಾಮಿಗೂ ಟೊಪ್ಪಿ ಮಾಡಿದ್ದರು. ಆದರೆ ಏನು ತೂಗುಹಾಕಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಬರಿಯ ಟೊಪ್ಪಿಯನ್ನು ನಾಚಿಕೆಯಿಂದ ಅವನ ತಲೆಗಿಟ್ಟು ಎಲ್ಲರೂ ಕೈತಟ್ಟಿದರು. ಆಗ ಇರ್ಮಾ ಅಜ್ಜಿ ಎದ್ದು ಬಂದು, ಕೈಚೀಲದಿಂದ ಆ ಮರದ ಚಮಚವನ್ನು ತೆಗೆದು, ದಾರ ಬಿಗಿದು ಟೊಪ್ಪಿಯ ಅಂಚಿಗೆ ಕಟ್ಟಿದಳು. ಅದು ಅವನ ಕಿವಿಯ ಹತ್ತಿರ ತೂಗುತ್ತಿತ್ತಂತೆ.

ವಸಂತ ಬರುವ ಮೊದಲೇ ತಿಪ್ಪೇಸ್ವಾಮಿ ಹೊರಟುಹೋದ. ಆಫ್ರಿಕದ ದೊಡ್ಡ ಹುತ್ತಗಳ ನಡುವೆ ಇದ್ದಾನೆ ಎಂದರು, ಊರಿಗೇ ಹೋದ ಎಂದರು. ಅಜ್ಜಿಯೂ ಈಗಿಲ್ಲ. ಆ ಬಾಗಿಲ ಮೇಲೆ ಎಷ್ಟೋ ಹೆಸರುಗಳು ಬಂದು ಹೋದವು. ಆದರೆ ಈ ಊರಿಗೆ ಬಂದ ನಮ್ಮವರು ಮೊದಲ ದಿನ ಒಂದು ಬಟ್ಟಲು ಹಿಡಿದು ಎದುರು ಬಾಗಿಲಿಗೆ ಹೋಗಿ ಉಪ್ಪು ಕೇಳುವುದು ನಿಂತಿಲ್ಲ. ಕೊಡುವವರಿಗೆ ಕಾರಣ ಗೊತ್ತಿಲ್ಲ, ಆದರೂ ಹೊಸಬರು ಬರುವ ಕಾಲಕ್ಕೆ ಬಾಗಿಲ ಹತ್ತಿರ ಒಂದು ಉಪ್ಪಿನ ಪೊಟ್ಟಣ ಇಟ್ಟುಕೊಂಡಿರುತ್ತಾರೆ.

ನಿಮ್ಮ ಪೆಟ್ಟಿಗೆಯಲ್ಲಿ ಉಪ್ಪಿದೆ, ನಿಮ್ಮ ಅಮ್ಮಂದಿರು ಕಟ್ಟಿ ಕಳಿಸಿದ್ದಾರೆ, ಗೊತ್ತು. ಇದ್ದರೂ ಹೋಗಬೇಕು. ಸಾರಿಗೆ ಇನ್ನೂ ಉಪ್ಪು ಹಾಕಿಲ್ಲ. ಬಟ್ಟಲು ಅಲ್ಲಿದೆ, ತೆಗೆದುಕೊಂಡು ಏಳಿ.