ಸಾಹೇಬರ ಕಾಗದದ ಕೋಟು

ನಮ್ಮೂರ ಹೈಸ್ಕೂಲಿನಲ್ಲಿ ಹೊಲಿಗೆಯೂ ಒಂದು ಪಾಠ. ಹತ್ತನೇ ಕ್ಲಾಸಿನ ಹುಡುಗಿಯರು ಬೆಳಿಗ್ಗೆ ಶಾಲೆಯಲ್ಲಿ ಪುಸ್ತಕ ಹಿಡಿದರೆ, ಮಧ್ಯಾಹ್ನ ಟೈಲರಮ್ಮನ ಅಂಗಡಿಯಲ್ಲಿ ಕತ್ತರಿ ಹಿಡಿಯುತ್ತಾರೆ.

ಒಂದು ದಿನ ಶಿಕ್ಷಣ ಇಲಾಖೆಯಿಂದ ಆ ಅಂಗಡಿಗೇ ತಪಾಸಣೆಗೆ ಬಂದ ಸಾಹೇಬರು ಮೂಗು ಮುರಿದರು. "ಅಂಗಡೀಲಿ ಕಲಿತದ್ದಕ್ಕೆಲ್ಲ ಅಂಕ ಕೊಡೋಕಾಗಲ್ಲ. ಹಾಳೆ ಮೇಲೆ ಬರೆದರೆ ಮಾತ್ರ ವಿದ್ಯೆ!"

ಅಂಕ ಹೋದರೆ ಹುಡುಗಿಯರಿಗೆ ಮುಂದಿನ ಡಿಪ್ಲೊಮಾ ಸೀಟೂ ಹೋದಂತೆ. ಟೈಲರಮ್ಮ "ಆಗಲಿ ಸಾಹೇಬ್ರೆ" ಅಂದಳು. ಸಾಹೇಬರು ಶುಕ್ರವಾರದ ತಮ್ಮ ಸನ್ಮಾನಕ್ಕೆಂದು ಅದೇ ಅಂಗಡಿಯಲ್ಲಿ ಕೋಟಿಗೆ ಅಳತೆ ಕೊಟ್ಟು ಹೋದರು.

ಶುಕ್ರವಾರ ಬಂದವರೇ ಕನ್ನಡಿ ಮುಂದೆ ಕೈ ಚಾಚಿ ನಿಂತರು. ಟೈಲರಮ್ಮ ಆ ಕೈಗೆ ನಾಲ್ಕು ಹಾಳೆ ಇಟ್ಟಳು.

"ಏನಮ್ಮಾ ಇದು?"

"ನಿಮ್ಮ ಕೋಟು. ಹುಡುಗಿಯರು ಬರೆದಿದ್ದಾರೆ. ಕಾಲರು ಮೊದಲನೇ ಪುಟ, ತೋಳು ಎರಡನೇ ಪುಟ. ಜೇಬಿಗೆ ಚಿತ್ರಾನೂ ಇದೆ."

"ಇದನ್ನ ಹಾಕ್ಕೊಂಡು ವೇದಿಕೆ ಹತ್ತಲಾ?"

"ನೂರಕ್ಕೆ ನೂರು ಬಂದಿರೋ ಕೋಟು. ಧಾರಾಳವಾಗಿ ಹತ್ತಿ."

ಅಷ್ಟರಲ್ಲಿ ಸನ್ಮಾನದ ವಾದ್ಯ ಶುರುವಾಯಿತು. ಸಾಹೇಬರು ಬೆವರಿದರು. ಅಂಗಡಿಯ ಕೆಲಸಕ್ಕೂ ಅಂಕ ಉಂಟೆಂದು ಬರೆದು ಸಹಿ ಹಾಕಿದರು. ಕೂಡಲೇ ಒಳಗಿಂದ ಹುಡುಗಿಯರು ನಿಜವಾದ ಕೋಟು ತಂದು ತೊಡಿಸಿದರು. ಮೈಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಸಾಹೇಬರು ಎದೆಯುಬ್ಬಿಸಿ ಕನ್ನಡಿ ನೋಡಿಕೊಂಡರು.

"ಎಲ್ಲಾ ಸರಿ. ಗುಂಡಿಗಳೆಲ್ಲಿ?"

ಟೈಲರಮ್ಮ ಮುಷ್ಟಿ ಬಿಚ್ಚಿ ಗುಂಡಿಗಳನ್ನು ತೋರಿಸಿದಳು. "ನಿಮ್ಮ ಸಹಿ ಕೆಳಗೆ ಮೊಹರೆಲ್ಲಿ ಸಾಹೇಬ್ರೆ? ಅದು ಬೀಳಲಿ, ಇವನ್ನೂ ಹಚ್ಚಿಬಿಡ್ತೀವಿ."

ಸಾಹೇಬರು ತೆರೆದ ಕೋಟನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಬಾಗಿಲಿಗೆ ಓಡಿ ಡ್ರೈವರನ್ನು ಕೂಗಿದರು: "ಲೋ, ಜೀಪಿಂದ ಮೊಹರು ತಾರೋ!"