ಅರಿಯೆನವ್ವನ ದಿಬ್ಬ

ನಮ್ಮೂರು ಕಾರೆದೊಣೆಯಿಂದ ಮೂಡಣಕ್ಕೆ ನಡೆದರೆ, ಕರಿಮಣ್ಣಿನ ಹೊಲ ಮುಗಿಯುವಲ್ಲಿ ಒಂದು ದಿಬ್ಬ ಸಿಗುತ್ತದೆ. ಮೇಲೆ ಸಾಲಾಗಿ ವೀರಗಲ್ಲುಗಳು ನಿಂತಿವೆ. ಕತ್ತಿ ಇದೆ, ಗುರಾಣಿ ಇದೆ, ಕಾಲಿನ ಕಡಗವೂ ಇದೆ. ಮೋರೆ ಮಾತ್ರ ಇಲ್ಲ. ಒಂದಕ್ಕೂ ಇಲ್ಲ. ಸವೆದು ಹೋದದ್ದಲ್ಲ, ಅರೆದು ತೆಗೆದದ್ದು. ಬೆರಳಿಟ್ಟರೆ ಗುಳಿ ಸಿಗುತ್ತದೆ. ಸಾಲಿನ ಕೊನೆಗೆ, ಸ್ವಲ್ಪ ದೂರದಲ್ಲಿ, ಗುಂಡುಕಲ್ಲುಗಳ ಒಂದು ಗುಪ್ಪೆ. ಪಂಚಾಯಿತಿಯವರು ಬೇಲಿ ಹಾಕಿ ‘ಅಜ್ಞಾತ ವೀರರ ಸ್ಮಾರಕ’ ಎಂದು ಬೋರ್ಡು ನಿಲ್ಲಿಸಿದ್ದಾರೆ. ಆಗಸ್ಟ್ ಹದಿನೈದಕ್ಕೆ ಮಾಜಿ ಸೈನಿಕರು ಬಂದು ಹಾರ ಹಾಕಿ ಸೆಲ್ಯೂಟ್ ಹೊಡೆಯುತ್ತಾರೆ. ಗುಪ್ಪೆ ಬೇಲಿಯ ಹೊರಗೆ ಉಳಿದಿದೆ. ಊರಿನವರು ಬೋರ್ಡಿನ ಹೆಸರು ಹೇಳುವುದಿಲ್ಲ. ನಮಗೆ ಅದು ಅರಿಯೆನವ್ವನ ದಿಬ್ಬ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ನಮ್ಮ ನಾಯಕನಿಗೂ ಹೊಳೆಯಾಚೆಯ ನಾಯಕನಿಗೂ ಕಾಳಗವಾಯಿತು ಎನ್ನುತ್ತಾರೆ. ದನ ಮೇಯುವ ಹುಲ್ಲುಗಾವಲಿಗಾಗಿ. ನಮ್ಮವರು ಸೋತರು. ಗೆದ್ದವರು ಸತ್ತವರ ತಲೆ ಕೊಯ್ದು ತಮ್ಮ ಕೋಟೆಬಾಗಿಲಿಗೆ ಕಟ್ಟಲು ಒಯ್ದರು. ಮೈಮೇಲಿನ ಬಟ್ಟೆಯನ್ನೂ ಬಿಡಲಿಲ್ಲ. ಗಾಡಿಯಲ್ಲಿ ಊರಿಗೆ ಬಂದದ್ದು ಬರೀ ಮುಂಡಗಳು. ದಿಬ್ಬದ ಮೇಲೆ ಮಲಗಿಸಿದರು. ಆಗ ನಾಯಕನ ಒಂದು ಕಟ್ಟಳೆ ಇತ್ತು. ಹೆಂಡತಿಯಾದವಳು ಗಂಡನ ಹೆಣದ ಎದೆಯ ಮೇಲೆ ಬಳೆ ಒಡೆಯಬೇಕು. ಒಡೆದರೆ ಅವನು ವೀರ, ಅವನಿಗೊಂದು ಕಲ್ಲು. ಬಳೆ ಒಡೆಯಲು ಹೆಣ ಸಿಗದಿದ್ದರೆ ಅವನು ಓಡಿಹೋದವನು. ಅವನ ಹೆಂಡತಿ ಮಕ್ಕಳನ್ನು ಊರ ಎಲ್ಲೆ ದಾಟಿಸಬೇಕು. ಹೋದ ಗಂಡಸರಿಗಿಂತ ಬಂದ ಹೆಣಗಳು ಕಡಿಮೆ ಇದ್ದವು. ಅದು ಹೆಂಗಸರಿಗೆ ಕಂಡಿತು. ದಿಬ್ಬ ಹತ್ತಿ ಓಡಿದರು.

ಸಣ್ಣೀರವ್ವ ಎಂಬಾಕೆಗೆ ತೆವಳುವ ಕೂಸಿತ್ತು. ಅವಳ ಗಂಡ ಬೋರಣ್ಣನ ಭುಜದ ಮೇಲೆ ಸುಟ್ಟ ಕಲೆ ಇತ್ತು. ಆ ಕಲೆ ಯಾವ ಹೆಣದ ಮೇಲೂ ಕಾಣಲಿಲ್ಲ. ಅವಳು ಮತ್ತೆ ಹುಡುಕಲಿಲ್ಲ. ಮುಂದಿದ್ದ ಎದೆಯ ಮೇಲೆ ಎರಡೂ ಕೈ ಬಡಿದಳು. ಹಿಂದೆಯೇ ನೆರೆಮನೆಯ ಕೆಂಚವ್ವ ಬಂದಳು.

“ಅಯ್ಯೋ, ಇವನು ನನ್ನ ಗಂಡ ಕಣೇ! ಕಾಲು ನೋಡು, ಹೆಬ್ಬೆರಳಿಲ್ಲ. ನೇಗಿಲ ಗುಳಕ್ಕೆ ಸಿಕ್ಕಿ ಹೋದದ್ದು, ನಿನಗೂ ಗೊತ್ತು.”

“ಬಳೆ ಒಡೆದಾಯ್ತು ಕಣಕ್ಕ. ನೀನು ಬೇರೆ ನೋಡ್ಕೋ.”

ಕೆಂಚವ್ವ ಬೇರೆ ಹೆಣ ಮುಟ್ಟಲಿಲ್ಲ. ಅವಳನ್ನು ಎಲ್ಲೆ ದಾಟಿಸಿದರು. ಕೈತುಂಬ ಬಳೆ ಇಟ್ಟುಕೊಂಡೇ ಹೋದಳು. ಎಲ್ಲಿ ಸತ್ತಳೋ ಯಾರೂ ಕಾಣರು. ಕಲ್ಲುಕುಟಿಗ ಬಂದ. ಹೆಂಡಂದಿರನ್ನು ಕೇಳಿ ಕೇಳಿ ಒಂದೊಂದು ಕಲ್ಲಿಗೂ ಮೋರೆ ಕಡೆದ.

ಸುಗ್ಗಿ ಮುಗಿದ ಮೇಲೆ ಬೋರಣ್ಣ ಬಂದ. ಓಡಿದವನಲ್ಲ. ಹೊಟ್ಟೆಗೆ ಈಟಿ ತಿಂದು ಬಿದ್ದವನನ್ನು ಕುರುಬರು ಹಟ್ಟಿಗೆ ಹೊತ್ತುಕೊಂಡು ಹೋಗಿದ್ದರು. ಊರಿಗೆ ಬರುವ ದಾರಿ ದಿಬ್ಬದ ಮೇಲೆಯೇ. ಅಲ್ಲಿ ತನ್ನ ಕಲ್ಲು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. “ನನ್ನ ಮೀಸೆ ಇಷ್ಟು ದಪ್ಪ ಯಾವಾಗ ಇತ್ರೋ?” ಎಂದನಂತೆ. ಯಾರೂ ನಗಲಿಲ್ಲ. ನಾಯಕನಿಗೆ ಸುದ್ದಿ ಹೋಯಿತು. ನಾಯಕ ಬಂದು ಕಲ್ಲು ನೋಡಿದ, ಮನುಷ್ಯನನ್ನು ನೋಡಿದ. ಕಲ್ಲು ಸುಳ್ಳಾದರೆ ತನ್ನ ಕಟ್ಟಳೆಯೂ ಸುಳ್ಳಾಗುತ್ತದೆ. ಸಣ್ಣೀರವ್ವನನ್ನು ಕರೆಸಿದ. “ಇವನು ನಿನ್ನ ಗಂಡನಾದರೆ ನೀನು ಪರರ ಹೆಣದ ಮೇಲೆ ಬಳೆ ಒಡೆದವಳು. ಕೂಸಿನ ಸಮೇತ ಎಲ್ಲೆ ದಾಟು. ಅಲ್ಲವಾದರೆ ಇವನು ಹೊಳೆಯಾಚೆಯ ಬೇಹಿನವನು. ಹೇಳು, ಯಾರಿವನು?”

ಬೋರಣ್ಣ ಅವಳ ಕಂಕುಳಲ್ಲಿದ್ದ ಕೂಸನ್ನು ನೋಡಿದ. “ಸಣ್ಣೀ, ಕೂಸು ನಡೀತದೇನೇ?” ಎಂದ.

“ನಾನರಿಯೆ,” ಎಂದಳು ಸಣ್ಣೀರವ್ವ. “ನನ್ನ ಗಂಡ ಅಕೋ, ಕಲ್ಲಾಗಿ ನಿಂತಿದ್ದಾನೆ.”

ಮನೆಗೊಂದು ಕಲ್ಲು ಎಸೆಯಬೇಕೆಂದು ನಾಯಕ ಅಪ್ಪಣೆ ಮಾಡಿದ. ಮೊದಲ ಕಲ್ಲು ಅವಳದೇ ಎಂದ. ಅವಳು ಕೂಸನ್ನು ನೆಲಕ್ಕಿಳಿಸಿ ಎಸೆದಳು. ಬಿದ್ದಲ್ಲಿಯೇ ಅವನನ್ನು ಮುಚ್ಚಿದರು. ಅದೇ ಆ ಗುಪ್ಪೆ.

ಅವನ ಭುಜದ ಕಲೆಯನ್ನು ಹೆಂಗಸರೆಲ್ಲ ಕಂಡಿದ್ದರು. ಮನೆಗೆ ಹೋದರು. ಯಾರ ಗಂಡನಿಗೆ ಯಾರು ಎಡೆ ಇಡುತ್ತಿದ್ದೇವೋ ಎಂದು ಒಬ್ಬೊಬ್ಬರಿಗೂ ಹುಳ ಕೊರೆಯತೊಡಗಿತು. ಕೊನೆಗೆ ಅಮಾವಾಸ್ಯೆಯ ಎಡೆಗೆಂದು ಬಂದವರು ಗುಂಡುಕಲ್ಲು ತಂದು ವೀರಗಲ್ಲುಗಳ ಮೋರೆ ಅರೆಯಲು ಕುಳಿತರು. ಖಾರ ಅರೆದ ಹಾಗೆ ಅರೆದರು. ನಾಯಕನ ಆಳುಗಳು ಜಡೆ ಹಿಡಿದು ಎಳೆದರೂ ಬಿಡಲಿಲ್ಲ ಎನ್ನುತ್ತಾರೆ. ಸಣ್ಣೀರವ್ವ ಬಹಳ ಕಾಲ ಬದುಕಿದಳು. ಆ ಮೇಲೆ ಅವಳ ಬಾಯಲ್ಲಿ ಉಳಿದದ್ದು ಅದೊಂದೇ ಮಾತು. ಉಂಡೆಯಾ ಎಂದರೂ ನಾನರಿಯೆ, ಮಗ ಎಲ್ಲಿ ಎಂದರೂ ನಾನರಿಯೆ. ದಿಬ್ಬಕ್ಕೆ ಹೆಸರು ಹಾಗೆ ಬಂತು.

ಈಗಲೂ ಹೊಸದಾಗಿ ಬಂದ ಸೊಸೆಯನ್ನು ಗುಪ್ಪೆಯ ಮುಂದೆ ನಿಲ್ಲಿಸಿ “ಯಾರೇ ಇವನು?” ಎಂದು ಕೇಳುತ್ತಾರೆ. “ನಾನರಿಯೆ” ಎನ್ನಬೇಕು. ಅಂದರೆ ನಕ್ಕು ಎಲೆಯಡಿಕೆ ಕೊಡುತ್ತಾರೆ. ನನ್ನ ಮನೆಯಾಕೆಯೂ ಅಂದಳು. ಮನೆಗೆ ಬಂದು ಕತೆ ಕೇಳಿದಳು. ಮರುದಿನ ಒಂದು ಚೊಂಬು ನೀರು ಒಯ್ದು ಗುಪ್ಪೆಯ ಮೇಲೆ ಸುರಿದಳು. ಆಮೇಲೆ ಹೊಲಕ್ಕೆ ಹೋಗುವಾಗಲೆಲ್ಲ ಸುರಿದಳು. “ಬೋರಣ್ಣ, ಕೂಸು ನಡೀತು ಕಣಪ್ಪ,” ಎನ್ನುತ್ತಿದ್ದಳು. ಹೋದ ವರ್ಷ ಆಕೆ ತೀರಿಕೊಂಡಳು. ಈಗ ನಾನು ನೀರು ಹಾಕುತ್ತೇನೆ. ಆಕೆ ಆಡುತ್ತಿದ್ದ ಮಾತು ನನ್ನ ಬಾಯಿಗೆ ಬರುವುದಿಲ್ಲ.

ಬಂದವರು ಬೇಲಿಯೊಳಗಿನ ಹಾರ ನೋಡುತ್ತಾರೆ. ಹೊರಗೆ ಒದ್ದೆಯಾದ ಕಲ್ಲು ಕಂಡು ಇದು ಯಾರದು ಎಂದು ಕೇಳುತ್ತಾರೆ. ಆ ದಿಬ್ಬದಲ್ಲಿ ಇದು ಇವನದೇ ಕಲ್ಲು ಎಂದು ಗುರುತು ಉಳಿದವನು ಅವನೊಬ್ಬನೇ. ಹೆಸರು ಹೇಳುತ್ತೇನೆ. ಹೇಳಿ ಮುಗಿಸುವುದರೊಳಗೆ ಬಿಸಿಲಿಗೆ ಕಲ್ಲು ಆರಿರುತ್ತದೆ.